ಸವಾರಿಯೇ ಬೇರಾದ ನುಡಿ

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಗೇಮ್ ಆಫ್ ಥ್ರೋನ್ಸ್’ ಕಾದಂಬರಿ ಪ್ರಕಟವಾದದ್ದು 1996ರಲ್ಲಿ. ಅದರಲ್ಲಿ ಹುಲ್ಲುಗಾವಲಿನಲ್ಲಿ ಅಲೆಯುವ ಕುದುರೆ ಸವಾರರ ಕುಲವೊಂದಿದೆ, ಹೆಸರು ದೊಥ್ರಕಿ. ಅವರ ಬಾಯಲ್ಲಿ ಮಾರ್ಟಿನ್ ಆಡಿಸಿದ್ದು ಕೆಲವೇ ಪದಗಳು. ಕಥೆ ಟಿವಿ ಸರಣಿಯಾಗಲು ಹೊರಟಾಗ ಅಷ್ಟು ಸಾಲದಾಯಿತು. 2009ರಲ್ಲಿ ಭಾಷೆಯನ್ನು ಪೂರ್ತಿಯಾಗಿ ಕಟ್ಟುವ ಕೆಲಸ ಅಮೆರಿಕದ ಡೇವಿಡ್ ಜೆ. ಪೀಟರ್ಸನ್ ಅವರ ಪಾಲಿಗೆ ಬಂತು.

ಕಾದಂಬರಿಯಲ್ಲಿ ಸಿಕ್ಕ ಪದಗಳನ್ನೇ ಬೀಜವಾಗಿಟ್ಟುಕೊಂಡು ಅವರು ವ್ಯಾಕರಣ ಬೆಳೆಸಿದರು. ಕುಲದ ಹೆಸರಿನ ಮೂಲದಲ್ಲಿ ನಿಂತದ್ದು ‘ದೊಥ್ರಲತ್’ ಎಂಬ ಕ್ರಿಯಾಪದ. ಸವಾರಿ ಮಾಡುವುದು ಎಂದು ಅದರ ಅರ್ಥ.

‘ಅನ್ಹ ದೊಥ್ರಕ್’ ಎಂದರೆ ನಾನು ಸವಾರಿ ಮಾಡುತ್ತೇನೆ. ಅವನೋ ಅವಳೋ ಆದರೆ ‘ಮೆ ದೊಥ್ರಎ’. ನಾವಾದರೆ ‘ಕಿಶ ದೊಥ್ರಕಿ’. ನಾಮಪದವಾದಾಗ ‘ದೊಥ್ರಕ್’ ಒಬ್ಬ ಸವಾರ, ‘ದೊಥ್ರಕಿ’ ಹಲವು ಸವಾರರು. ‘ನಾವು ಸವಾರಿ ಮಾಡುತ್ತೇವೆ’ ಎನ್ನುವ ಮಾತೂ ಕುಲದ ಹೆಸರೂ ಹೀಗೆ ಒಂದೇ ರೂಪದಲ್ಲಿ ಕೂಡುತ್ತವೆ. ಅವರ ಪವಿತ್ರ ನಗರ ‘ವಾಎಸ್ ದೊಥ್ರಕ್’ ಕೂಡ ಇದೇ ಬೇರಿನದು.

ನಿಷೇಧದ ರೂಪ ಇನ್ನೂ ಸೊಗಸು. ‘ಅನ್ಹ ವೊಸ್ ದೊಥ್ರೊಕ್’ ಎಂದರೆ ನಾನು ಸವಾರಿ ಮಾಡುವುದಿಲ್ಲ. ‘ವೊಸ್’ ಎಂಬ ನಿಷೇಧ ಪದ ಮುಂದೆ ನಿಂತರೂ ಸಾಲದು, ಕ್ರಿಯಾಪದದ ‘ಅ’ಕಾರವೂ ‘ಒ’ಕಾರವಾಗಬೇಕು. ‘ಅರಿಯೆ’, ‘ಒಲ್ಲೆ’ ಎಂದು ಆಡುವ ಕನ್ನಡಿಗರಿಗೆ ಕ್ರಿಯಾಪದದೊಳಗೇ ಸೇರಿದ ‘ಇಲ್ಲ’ ಹೊಸದೇನಲ್ಲ.

ಇಷ್ಟಾದರೂ ಅದು ಇನ್ನೂ ಕೋಷ್ಟಕದ ವ್ಯಾಕರಣವೇ. ಪದಕ್ಕೆ ಜೀವ ಬರುವುದು ಅದು ತನ್ನ ಮೊದಲ ಅರ್ಥವನ್ನು ದಾಟಿ ನಡೆದಾಗ.

ದೊಥ್ರಕಿಗಳು ಯೋಗಕ್ಷೇಮ ವಿಚಾರಿಸುವುದು ‘ಹಶ್ ಯೆರ್ ದೊಥ್ರಎ ಚೆಕ್ ಅಶ್ಶೆಖ್?’ ಎಂದು. ಇವತ್ತು ನಿನ್ನ ಸವಾರಿ ಚೆನ್ನಾಗಿದೆಯೇ ಎಂದು ಅದರ ಅಕ್ಷರಾರ್ಥ. ಇನ್ನೇನು ಉಣ್ಣಲು ಹೊರಟವನು ‘ಅನ್ಹ ದೊಥ್ರಕ್ ಅದಖತಾನ್’ ಎನ್ನುತ್ತಾನೆ: ಊಟದತ್ತ ಸವಾರಿ ಹೊರಟಿದ್ದೇನೆ. ಇಲ್ಲಿ ಕುದುರೆ ಇರಬೇಕೆಂದಿಲ್ಲ. ಕನ್ನಡದಲ್ಲಿ ‘ಮಳೆ ಬರುವ ಹಾಗಿದೆ’, ‘ಉಣ್ಣಲು ಹೊರಟೆ’ ಎನ್ನುವಾಗ ಇರುವ ‘ಇನ್ನೇನು’ ಎಂಬ ಭಾವವನ್ನು ಅಲ್ಲಿ ಸವಾರಿಯ ಕ್ರಿಯಾಪದವೇ ಹೊರುತ್ತದೆ.

ಈ ನುಡಿಯಲ್ಲಿ ಕುದುರೆಗೆ ಕಡಿಮೆಯೆಂದರೂ ಎಂಟು ಪದಗಳಿವೆ ಎಂಬ ಸಂಗತಿ ಬೇಗ ಜನಪ್ರಿಯವಾಯಿತು. ಆದರೆ ಎಂಟು ಹೆಸರುಗಳನ್ನು ಯಾರಾದರೂ ಪಟ್ಟಿ ಮಾಡಿಬಿಡಬಹುದು. ಊಟ, ಕುಶಲ, ಊರು, ಕುಲ ಇಷ್ಟನ್ನೂ ಒಂದೇ ಕ್ರಿಯಾಪದದಿಂದ ಹೊಮ್ಮಿಸಲು ಆ ಜನ ಬೆಳಗಿನಿಂದ ಸಂಜೆಯವರೆಗೆ ಹೇಗೆ ಬದುಕುತ್ತಾರೆಂದು ಊಹಿಸಬೇಕು. ಪೀಟರ್ಸನ್ ಅವರ ಕಸುಬಿನ ಹಿರಿಮೆ ಇರುವುದು ಅಲ್ಲಿ. 2011ರಲ್ಲಿ ಸರಣಿ ತೆರೆಗೆ ಬಂತು. 2014ರಲ್ಲಿ ಅವರೇ ಬರೆದ ದೊಥ್ರಕಿ ಕಲಿಕೆಯ ಪುಸ್ತಕ ಹೊರಬಂದು, ನಟರ ಬಾಯಲ್ಲಿದ್ದ ಈ ರೂಪಗಳು ಆಸಕ್ತ ಓದುಗರಿಗೂ ಪಾಠವಾದವು.