ವಿದ್ಯುತ್ ಸ್ಕೂಟರ್ ಆಯ್ಕೆ: ದೂರ ನೋಡಿ, ದರ ಕೇಳಿ

ಪಾಮನಕಲ್ಲೂರು: ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಂತಹ ಗ್ರಾಮಗಳಲ್ಲಿ ದ್ವಿಚಕ್ರ ವಾಹನವು ವಿಲಾಸದ ವಸ್ತುವಲ್ಲ. ತಹಶೀಲ್ದಾರ್ ಕಚೇರಿಗೆ ಮಸ್ಕಿ, ಉಪವಿಭಾಗಾಧಿಕಾರಿ ಕಚೇರಿಗೆ ಲಿಂಗಸುಗೂರು, ವ್ಯಾಪಾರ ವಹಿವಾಟಿಗೆ ಸಿಂಧನೂರು ಎಂದು ವಾರಕ್ಕೆ ಹಲವು ಬಾರಿ ಓಡಾಡಬೇಕಾದ ಕುಟುಂಬಗಳಿಗೆ ಪೆಟ್ರೋಲ್ ವೆಚ್ಚವು ಮನೆ ಖರ್ಚಿನ ದೊಡ್ಡ ಬಾಬತ್ತಾಗಿದೆ. ಈ ಹೊರೆಯನ್ನು ಇಳಿಸಿಕೊಳ್ಳಲು ವಿದ್ಯುತ್ ಸ್ಕೂಟರಿನತ್ತ ಮುಖ ಮಾಡುವವರು ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ. ಬೆಂಗಳೂರಿನ ರಸ್ತೆಗೆ ಒಪ್ಪುವ ವಾಹನ ಎರೆಭೂಮಿಯ ಹಳ್ಳಿಗೂ ಒಪ್ಪುತ್ತದೆ ಎನ್ನಲಾಗದು. ಸಾಲ ಮಾಡಿ ಕೊಂಡ ವಾಹನ ಕೆಟ್ಟು ನಿಂತರೂ ಕಂತು ನಿಲ್ಲುವುದಿಲ್ಲ. ಆದ್ದರಿಂದ ಬಣ್ಣ, ವೇಗ, ಜಾಹೀರಾತುಗಳಿಗಿಂತ ಮೊದಲು ನಿತ್ಯದ ಓಡಾಟದ ದೂರ ಹಾಗೂ ಸರ್ವೀಸ್ ಕೇಂದ್ರದ ದೂರ ಇವೆರಡನ್ನು ಅಳೆಯುವುದು ವಿವೇಕ.

ಎರಡರಷ್ಟು ಎಂಬ ಸೂತ್ರ

ಕಂಪನಿಗಳು ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್ ಎಂದು ಪ್ರಕಟಿಸುವ ಅಂಕಿ ಪ್ರಯೋಗಾಲಯದ ಪರೀಕ್ಷೆಯಿಂದ ಬಂದದ್ದು. ರಸ್ತೆಯಲ್ಲಿ ಸಾಮಾನ್ಯವಾಗಿ ಅದರ 70ರಿಂದ 75 ಶೇಕಡಾದಷ್ಟು ಮಾತ್ರ ದೊರೆಯುತ್ತದೆ. ಹಿಂಬದಿ ಸವಾರ, ಸಾಮಾನು, ಎದುರು ಗಾಳಿ, ಕಚ್ಚಾ ರಸ್ತೆ ಸೇರಿದರೆ ಇನ್ನಷ್ಟು ಇಳಿಯುತ್ತದೆ. ವರ್ಷಗಳು ಕಳೆದಂತೆ ಬ್ಯಾಟರಿಯ ಶಕ್ತಿಯೂ ಕುಂದುತ್ತದೆ. ಪ್ರಕಟಿತ ಅಂಕಿ 100 ಕಿ.ಮೀ. ಇದ್ದರೆ, ನಾಲ್ಕೈದು ವರ್ಷಗಳ ಬಳಿಕ ಭಾರ ಹೊತ್ತು ಸಾಗುವಾಗ 50 ಕಿ.ಮೀ. ಆಸುಪಾಸಿನಲ್ಲಿ ನಿಲ್ಲಬಹುದೆಂದು ಲೆಕ್ಕ ಹಾಕುವುದು ಕ್ಷೇಮ.

ಹೀಗಾಗಿ, ದಿನವೊಂದರಲ್ಲಿ ಹೋಗಿ ಬರುವ ಒಟ್ಟು ದೂರದ ಕನಿಷ್ಠ ಎರಡರಷ್ಟು ಪ್ರಕಟಿತ ಅಂಕಿ ಇರುವ ವಾಹನವನ್ನು ಆರಿಸಬೇಕು. 25 ಕಿ.ಮೀ. ಓಡಾಟಕ್ಕೆ 50, 60 ಕಿ.ಮೀ. ಓಡಾಟಕ್ಕೆ 120. ಇದಕ್ಕಿಂತ ಕಡಿಮೆಯಾದರೆ ದಾರಿ ಮಧ್ಯೆ ನಿಲ್ಲುವ ಭಯ, ಬಹಳ ಹೆಚ್ಚಾದರೆ ಬಳಸದ ಬ್ಯಾಟರಿಗೆ ಹಣ ತೆತ್ತಂತೆ.

ಬ್ಯಾಟರಿಯ ಗಾತ್ರವನ್ನು ಕಿಲೋವ್ಯಾಟ್ ಅವರ್‌ನಲ್ಲಿ ಹೇಳಲಾಗುತ್ತದೆ. 1 ಕಿಲೋವ್ಯಾಟ್ ಅವರ್ ಎಂದರೆ ವಿದ್ಯುತ್ ಬಿಲ್ಲಿನ 1 ಯೂನಿಟ್. ಸ್ಕೂಟರೊಂದು 1 ಯೂನಿಟ್‌ನಲ್ಲಿ ಸುಮಾರು 25ರಿಂದ 30 ಕಿ.ಮೀ. ಚಲಿಸುತ್ತದೆ. ಈ ಲೆಕ್ಕ ಗೊತ್ತಿದ್ದರೆ ಮಾರಾಟಗಾರರ ಮಾತನ್ನು ಗ್ರಾಹಕರು ತಾವೇ ಪರೀಕ್ಷಿಸಬಹುದು.

ಯಾರಿಗೆ ಯಾವುದು?

ಊರೊಳಗಿನ ಓಡಾಟ: ಅಂಗಡಿ, ಶಾಲೆ, ಸಮೀಪದ ಹೊಲ ಎಂದು ದಿನಕ್ಕೆ 20 ಕಿ.ಮೀ. ಒಳಗೆ ಸಂಚರಿಸುವವರಿಗೆ 1.5ರಿಂದ 2.2 ಕಿಲೋವ್ಯಾಟ್ ಅವರ್ ಬ್ಯಾಟರಿ ಸಾಕು. ಹೆಸರಾಂತ ಕಂಪನಿಗಳ ಈ ವರ್ಗದ ವಾಹನಗಳು ಬಹುತೇಕ 1 ಲಕ್ಷ ರೂಪಾಯಿ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ ದರದಲ್ಲಿ ದೊರೆಯುತ್ತವೆ.

ನಿತ್ಯ ತಾಲ್ಲೂಕು ಕೇಂದ್ರಕ್ಕೆ: ಶಿಕ್ಷಕರು, ಬ್ಯಾಂಕ್ ನೌಕರರು, ಕಾಲೇಜು ವಿದ್ಯಾರ್ಥಿಗಳು, ಹಟ್ಟಿ ಚಿನ್ನದ ಗಣಿಯಂತಹ ಕಡೆ ದುಡಿಯುವವರು ದಿನಕ್ಕೆ 40ರಿಂದ 60 ಕಿ.ಮೀ. ಸಂಚರಿಸುವುದಾದರೆ 3ರಿಂದ 4 ಕಿಲೋವ್ಯಾಟ್ ಅವರ್ ಬ್ಯಾಟರಿ ಅಗತ್ಯ. ಟಿವಿಎಸ್ ಐಕ್ಯೂಬ್, ಬಜಾಜ್ ಚೇತಕ್, ಏಥರ್ ರಿಜ್ಟಾ, ಓಲಾ ಎಸ್1, ಹೀರೊ ವಿಡಾ ಮೊದಲಾದ ಮಾದರಿಗಳಲ್ಲಿ ಬ್ಯಾಟರಿಯ ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ಆವೃತ್ತಿಗಳಿವೆ. ಹೆಸರು ಒಂದೇ ಆದರೂ ಆವೃತ್ತಿ ಬದಲಾದಂತೆ ದೂರವೂ ದರವೂ ಬದಲಾಗುತ್ತವೆ ಎಂಬುದನ್ನು ಮರೆಯಬಾರದು.

ಹೊಲ ಹಾಗೂ ಭಾರ: ಯೂರಿಯಾ ಚೀಲವೊಂದರ ತೂಕ 45 ಕಿಲೋ. ಸವಾರ, ಹಿಂಬದಿ ಸವಾರ, ಮೇಲೊಂದು ಚೀಲ ಎಂದರೆ ಸುಲಭವಾಗಿ 170 ಕಿಲೋ ದಾಟುತ್ತದೆ. ಕೈಪಿಡಿಯಲ್ಲಿ ನಮೂದಿಸಿದ ಭಾರದ ಮಿತಿಯನ್ನು ಓದಿಯೇ ಮುಂದುವರಿಯಬೇಕು. ಕಾಲಿಡುವ ಜಾಗ ಸಮತಟ್ಟಾಗಿರಬೇಕು, ಚಕ್ರ 12 ಇಂಚು ಅಥವಾ ಹೆಚ್ಚಿನದಾಗಿರಬೇಕು. ಮಳೆಗಾಲದ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುವ ಬಂಡಿದಾರಿಯಲ್ಲಿ ಸ್ಕೂಟರ್ ಜಾತಿಯ ಯಾವ ವಾಹನವೂ ಮೋಟರ್‌ಸೈಕಲ್‌ಗೆ ಸಮವಲ್ಲ.

ಹಿರಿಯರಿಗೆ: ವೇಗ ಗಂಟೆಗೆ 25 ಕಿ.ಮೀ. ಮೀರದ, ಮೋಟರ್ ಶಕ್ತಿ 250 ವ್ಯಾಟ್‌ಗಿಂತ ಕಡಿಮೆಯಿರುವ, ಬ್ಯಾಟರಿ ಬಿಟ್ಟು 60 ಕಿಲೋ ಮೀರದ ವಾಹನಗಳಿಗೆ ನೋಂದಣಿ ಹಾಗೂ ಚಾಲನಾ ಪರವಾನಗಿ ಬೇಕಿಲ್ಲ. ಇಂತಹ ವಾಹನ ಊರೊಳಗಿನ ಬಳಕೆಗೆ ಮಾತ್ರ ಯೋಗ್ಯ. ಲಾರಿ, ಬಸ್ಸುಗಳು ಧಾವಿಸುವ ಹೆದ್ದಾರಿಗೆ ಅಲ್ಲ. ‘ಪರವಾನಗಿ ಬೇಡ’ ಎಂದು ಮಾರಿ, ನಂತರ ವೇಗದ ತಡೆ ತೆಗೆದುಕೊಡುವ ವ್ಯಾಪಾರಿಗಳಿಂದ ದೂರವಿರಬೇಕು. ವೇಗ ಹೆಚ್ಚಿಸಿದ ಕ್ಷಣದಿಂದ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ವಾಹನವಾಗುತ್ತದೆ. ಅಪಘಾತವಾದರೆ ಪರಿಹಾರದ ಹೊಣೆ ಮಾಲೀಕನ ತಲೆಗೇ ಬರುತ್ತದೆ.

ದೂರದ ಪ್ರಯಾಣ: ಸಿಂಧನೂರಿನಿಂದ ಜಿಲ್ಲಾ ಕೇಂದ್ರ ರಾಯಚೂರು 80 ಕಿ.ಮೀ.ಗಿಂತ ಹೆಚ್ಚು ದೂರದಲ್ಲಿದೆ. ಆಸ್ಪತ್ರೆ, ನ್ಯಾಯಾಲಯ ಎಂದು ಆಗಾಗ ಅಲ್ಲಿಗೆ ಸ್ಕೂಟರಿನಲ್ಲೇ ಹೋಗಿಬರಬೇಕಾದವರ ಮನೆಯಲ್ಲಿ ವಿದ್ಯುತ್ ಸ್ಕೂಟರ್ ಎರಡನೆಯ ವಾಹನವಾಗಿ ಇರಲಿ. ಅದೊಂದನ್ನೇ ನಂಬುವಂತಿಲ್ಲ.

ಉಳಿತಾಯದ ನಿಜ ಲೆಕ್ಕ

ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಸ್ಕೂಟರಿನ ಮೈಲೇಜ್ 45 ಕಿ.ಮೀ. ಎಂದು ಹಿಡಿದರೆ ಕಿಲೋಮೀಟರಿಗೆ ಸುಮಾರು 2 ರೂಪಾಯಿ 20 ಪೈಸೆ. ವಿದ್ಯುತ್ ಯೂನಿಟ್‌ಗೆ 6 ರೂಪಾಯಿ ಎಂದುಕೊಂಡರೆ, ಚಾರ್ಜಿಂಗ್ ವೇಳೆಯ ನಷ್ಟ ಸೇರಿಸಿಯೂ ಕಿಲೋಮೀಟರಿಗೆ 25 ಪೈಸೆ ಆಸುಪಾಸು. ದಿನಕ್ಕೆ 30 ಕಿ.ಮೀ.ನಂತೆ ವರ್ಷಕ್ಕೆ 300 ದಿನ ಓಡಿಸುವವರಿಗೆ ಸುಮಾರು 17,500 ರೂಪಾಯಿ ಉಳಿಯುತ್ತದೆ. ದಿನಕ್ಕೆ 10 ಕಿ.ಮೀ. ಮಾತ್ರ ಓಡಿಸುವವರಿಗೆ ಉಳಿಯುವುದು 6 ಸಾವಿರದ ಒಳಗೆ. ಕಡಿಮೆ ಓಡಿಸುವವರು ದುಬಾರಿ ಮಾದರಿ ಕೊಂಡರೆ ಆ ಹೆಚ್ಚುವರಿ ಹಣ ಮರಳಲು ಬಹಳ ವರ್ಷ ಬೇಕು.

‘ಕರೆಂಟು ಹೇಗೂ ಉಚಿತ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಯ ಉಚಿತ ಮಿತಿಯನ್ನು 2022–23ರ ಸರಾಸರಿ ಬಳಕೆಯ ಆಧಾರದ ಮೇಲೆ ನಿಗದಿಪಡಿಸಲಾಯಿತು. ಮೇಲಿನ ಲೆಕ್ಕದ ಸವಾರನಿಗೆ ತಿಂಗಳಿಗೆ 30 ಯೂನಿಟ್ ಆಸುಪಾಸು ಹೆಚ್ಚುವರಿ ಬೇಕಾಗುತ್ತದೆ. ಮಿತಿ ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ ಪಾವತಿಸಬೇಕು. ಹಾಗಿದ್ದರೂ ಪೆಟ್ರೋಲಿಗಿಂತ ಅಗ್ಗವೇ.

ಚಾರ್ಜಿಂಗ್: ಮನೆಯ ತಂತಿಯಿಂದ ಆರಂಭ

ಹೆಚ್ಚಿನ ಸ್ಕೂಟರ್‌ಗಳ ಮನೆ ಚಾರ್ಜರ್‌ಗಳು 1,000 ವ್ಯಾಟ್‌ಗಿಂತ ಕಡಿಮೆ ಶಕ್ತಿಯವು. ರಾತ್ರಿ ಹಚ್ಚಿದರೆ ಬೆಳಗಿನೊಳಗೆ ಬ್ಯಾಟರಿ ತುಂಬುತ್ತದೆ. ಆದರೆ ಗಂಟೆಗಟ್ಟಲೆ ವಿದ್ಯುತ್ ಹರಿಯುವುದರಿಂದ ಹಳೆಯ ತಂತಿ, ಸಡಿಲ ಪ್ಲಗ್ ಅಪಾಯಕಾರಿ. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಹಾಗೂ ಎಂಸಿಬಿ ಅಳವಡಿಸಿದ ಬಳಿಕವೇ ವಾಹನ ಮನೆಗೆ ತರಬೇಕು. ವಾಹನ ನಿಲ್ಲುವ ಜಾಗದಲ್ಲಿ ಪ್ಲಗ್ ಇಲ್ಲದವರಿಗೆ ಬ್ಯಾಟರಿಯನ್ನು ಕಳಚಿ ಒಳಗೊಯ್ಯುವ ಮಾದರಿಗಳು ಅನುಕೂಲ.

ಹೊಲದಲ್ಲೇ ಮನೆ ಮಾಡಿಕೊಂಡಿರುವವರು ಇನ್ನೊಂದು ಅಂಶ ಗಮನಿಸಬೇಕು. ನಿರಂತರ ಜ್ಯೋತಿ ಯೋಜನೆಯಡಿ ಊರಿನ ಮಾರ್ಗ ಹಾಗೂ ಪಂಪ್‌ಸೆಟ್ ಮಾರ್ಗಗಳನ್ನು ಬೇರ್ಪಡಿಸಲಾಗಿದ್ದು, ಪಂಪ್‌ಸೆಟ್ ಮಾರ್ಗದಲ್ಲಿ ಮೂರು ಫೇಸ್ ವಿದ್ಯುತ್ ದಿನದ ಕೆಲವೇ ಗಂಟೆ ಇರುತ್ತದೆ. ಅಲ್ಲದೆ ನೀರಾವರಿಗೆಂದು ನೀಡಿದ ಸಂಪರ್ಕವನ್ನು ಬೇರೆ ಉದ್ದೇಶಕ್ಕೆ ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ ಅನಧಿಕೃತ ಬಳಕೆಯಾಗುತ್ತದೆ.

ಬ್ಯಾಟರಿ ಬದಲಿಸುವ ಕೇಂದ್ರಗಳನ್ನು ನಂಬಿದ ವಾಹನ ಹಳ್ಳಿಗೆ ಹೊಂದದು. 2025ರಲ್ಲಿ ಬಂದ ಹೋಂಡಾ ಆ್ಯಕ್ಟಿವಾ ಇ ಇಂತಹ ಮಾದರಿ; ಅದನ್ನು ಮೊದಲು ಬೆಂಗಳೂರು, ದೆಹಲಿ, ಮುಂಬೈ ನಗರಗಳಿಗಷ್ಟೇ ಬಿಡುಗಡೆ ಮಾಡಲಾಯಿತು.

ಬಿಸಿಲು ಮತ್ತು ಬ್ಯಾಟರಿ

ಸ್ಕೂಟರಿನ ಬೆಲೆಯಲ್ಲಿ ಅತಿ ದೊಡ್ಡ ಪಾಲು ಬ್ಯಾಟರಿಯದು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ರಾಯಚೂರು ಜಿಲ್ಲೆಯಲ್ಲಿ ಅದರ ಆರೈಕೆಯೇ ವಾಹನದ ಆಯುಷ್ಯ. ಲಿಥಿಯಂ ಬ್ಯಾಟರಿಗಳಲ್ಲಿ ಎನ್‌ಎಂಸಿ, ಎಲ್‌ಎಫ್‌ಪಿ ಎಂಬ ಎರಡು ಬಗೆಗಳು ಹೆಚ್ಚು ಬಳಕೆಯಲ್ಲಿವೆ. ಎನ್‌ಎಂಸಿ ಹಗುರ, ಎಲ್‌ಎಫ್‌ಪಿ ತುಸು ಭಾರವಾದರೂ ಶಾಖವನ್ನು ಹೆಚ್ಚು ತಾಳುತ್ತದೆ, ಹೆಚ್ಚು ಬಾರಿ ಚಾರ್ಜ್ ಆಗಬಲ್ಲದು. ಅಗ್ಗದ ವಾಹನಗಳಲ್ಲಿರುವ ಲೆಡ್ ಆ್ಯಸಿಡ್ ಬ್ಯಾಟರಿ ಬೇಗ ಸವೆಯುವುದರಿಂದ ಮೊದಲು ಉಳಿದ ಹಣ ಮುಂದೆ ಕೈ ಬಿಡುತ್ತದೆ.

2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಬಳಿಕ ಕೇಂದ್ರ ಸರ್ಕಾರ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ ಹಾಗೂ 2023ರ ಮಾರ್ಚ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಗೊಳಿಸಿತು. ಬಳಸಿದ ವಾಹನ ಕೊಳ್ಳುವವರು ಅದಕ್ಕೂ ಮೊದಲು ತಯಾರಾದ ವಾಹನಗಳ ಬಗ್ಗೆ ಎಚ್ಚರ ವಹಿಸಬೇಕು. ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಚ್ಚದೆ ಅರ್ಧ ಗಂಟೆಯಾದರೂ ನೆರಳಿನಲ್ಲಿ ತಣಿಸಬೇಕು. ಕಂಪನಿ ನೀಡಿದ ಚಾರ್ಜರನ್ನೇ ಬಳಸಬೇಕು.

ಐಪಿ67 ಎಂಬ ಗುರುತು ಬ್ಯಾಟರಿಯೊಳಗೆ ನೀರು ಹೋಗದೆಂಬ ಭರವಸೆಯೇ ಹೊರತು ತುಂಬಿ ಹರಿಯುವ ಹಳ್ಳ ದಾಟಲು ಅನುಮತಿಯಲ್ಲ.

ಸರ್ವೀಸ್ ಕೇಂದ್ರ ಎಲ್ಲಿದೆ?

ಪೆಟ್ರೋಲ್ ವಾಹನವನ್ನು ಊರಿನ ಮೆಕ್ಯಾನಿಕ್ ಸರಿಪಡಿಸಬಲ್ಲ. ವಿದ್ಯುತ್ ಸ್ಕೂಟರಿನ ಕಂಟ್ರೋಲರ್, ಬ್ಯಾಟರಿ, ತಂತ್ರಾಂಶದ ದೋಷಕ್ಕೆ ಕಂಪನಿಯ ಕೇಂದ್ರವೇ ಗತಿ. ಸರ್ವೀಸ್ ವಿಳಂಬದ ದೂರುಗಳು ಹೆಚ್ಚಿದ್ದ 2024ರಲ್ಲಿ, ಇದೇ ಕಲ್ಯಾಣ ಕರ್ನಾಟಕದ ಕಲಬುರಗಿಯಲ್ಲಿ ದುರಸ್ತಿಯಾಗದೆ ಬೇಸತ್ತ ಗ್ರಾಹಕನೊಬ್ಬ ಮಾರಾಟ ಮಳಿಗೆಗೆ ಬೆಂಕಿ ಹಚ್ಚಿ ಬಂಧನಕ್ಕೊಳಗಾದ. ಅಂತಹ ಕೃತ್ಯಕ್ಕೆ ಸಮರ್ಥನೆಯಿಲ್ಲ. ಆದರೆ ಮಾರಾಟದ ನಂತರದ ಸೇವೆಯನ್ನು ವಿಚಾರಿಸದೆ ಕೊಳ್ಳಬಾರದೆಂಬ ಪಾಠ ಅದರಲ್ಲಿದೆ.

ಆದ್ದರಿಂದ ಸಿಂಧನೂರು, ಲಿಂಗಸುಗೂರು ಅಥವಾ ಮಸ್ಕಿಯಲ್ಲಿ ಕಂಪನಿಯ ಸ್ವಂತ ಅಥವಾ ಅಧಿಕೃತ ಸರ್ವೀಸ್ ಕೇಂದ್ರವಿದೆಯೇ, ಬಿಡಿ ಭಾಗಗಳು ಎಷ್ಟು ದಿನದಲ್ಲಿ ಬರುತ್ತವೆ ಎಂಬುದನ್ನು ಖುದ್ದಾಗಿ ನೋಡಬೇಕು. ಕೇಂದ್ರದ ಮುಂದೆ ದುರಸ್ತಿಗೆ ಕಾದು ನಿಂತ ವಾಹನಗಳ ಸಾಲು ಮಾರಾಟಗಾರನ ಮಾತಿಗಿಂತ ಹೆಚ್ಚು ಹೇಳುತ್ತದೆ. ಸಮಾನ ದರದ ಎರಡು ಮಾದರಿಗಳಲ್ಲಿ ಯಾವುದು ಎಂಬ ಗೊಂದಲವಿದ್ದರೆ, ಸರ್ವೀಸ್ ಕೇಂದ್ರ ಹತ್ತಿರವಿರುವುದನ್ನೇ ಆರಿಸಬೇಕು. ಹಿಂದಿನ ಚಕ್ರದೊಳಗೆ ಮೋಟರ್ ಇರುವ ಮಾದರಿಯಾದರೆ, ಆ ಚಕ್ರವನ್ನು ಬಿಚ್ಚಿ ಪಂಕ್ಚರ್ ಹಾಕಬಲ್ಲವರು ಊರಲ್ಲಿದ್ದಾರೆಯೇ ಎಂಬುದನ್ನೂ ವಿಚಾರಿಸಬೇಕು.

ದರ, ಸಹಾಯಧನ, ಸಾಲ

ಅಂಗಡಿಯಲ್ಲಿ ಹೇಳುವ ದರ ಹಾಗೂ ರಸ್ತೆಗಿಳಿಯುವ ಹೊತ್ತಿನ ದರ ಬೇರೆ. ನೋಂದಣಿ, ವಿಮೆ, ಚಾರ್ಜರ್, ತಂತ್ರಾಂಶದ ಶುಲ್ಕ, ಹೆಚ್ಚುವರಿ ವಾರಂಟಿ ಎಲ್ಲವನ್ನೂ ಕೂಡಿಸಿ ಬರವಣಿಗೆಯಲ್ಲಿ ಪಡೆಯಬೇಕು. ವಿದ್ಯುತ್ ವಾಹನಗಳ ಜಿಎಸ್‌ಟಿ 2019ರ ಆಗಸ್ಟ್‌ನಲ್ಲಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಕೇಂದ್ರದ ಸಹಾಯಧನ ಮಾತ್ರ ಕುಗ್ಗುತ್ತ ಬಂದಿದೆ. 2024ರ ಅಕ್ಟೋಬರ್ 1ರಂದು ಆರಂಭವಾದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಮೊದಲ ವರ್ಷ ದ್ವಿಚಕ್ರ ವಾಹನಕ್ಕೆ ಗರಿಷ್ಠ 10 ಸಾವಿರ, ನಂತರ 5 ಸಾವಿರ ರೂಪಾಯಿ ಎಂದು ನಿಗದಿಯಾಗಿತ್ತು. ಸಹಾಯಧನದ ಹೆಸರಿನಲ್ಲಿ ಆತುರಪಡಿಸುವ ಮಾರಾಟಗಾರನಿಂದ ಅಂದಿನ ದಿನದ ನಿಖರ ಮೊತ್ತವನ್ನು ಬಿಲ್ಲಿನಲ್ಲೇ ತೋರಿಸುವಂತೆ ಕೇಳಬೇಕು.

ಬ್ಯಾಟರಿಯನ್ನು ಬಾಡಿಗೆಗೆ ನೀಡಿ ಕಿಲೋಮೀಟರ್ ಲೆಕ್ಕದಲ್ಲಿ ಹಣ ಪಡೆಯುವ ಪದ್ಧತಿಯೂ ಬಂದಿದೆ. ಮುಂಗಡ ಹಣ ಕಡಿಮೆ ಎಂಬುದು ನಿಜ. ಆದರೆ ಹೆಚ್ಚು ಓಡಿಸುವವರಿಗೆ ಒಟ್ಟು ವೆಚ್ಚ ಏರಬಹುದು. ಸಾಲದ ಅವಧಿ ಬ್ಯಾಟರಿ ವಾರಂಟಿಯ ಅವಧಿಯನ್ನು ಮೀರಬಾರದು ಎಂಬುದು ಸುಲಭದ ಕಟ್ಟುಪಾಡು.

ಸಹಿ ಹಾಕುವ ಮುನ್ನ

* ವಾರಂಟಿ ವರ್ಷ, ಕಿಲೋಮೀಟರ್‌ಗಳ ಜೊತೆಗೆ ಬ್ಯಾಟರಿಯ ಶಕ್ತಿ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ ಎಂಬುದು ಲಿಖಿತವಾಗಿರಲಿ.
* ಪರೀಕ್ಷಾ ಸವಾರಿಯನ್ನು ಹಿಂಬದಿ ಸವಾರರೊಂದಿಗೆ, ಕೆಟ್ಟ ರಸ್ತೆಯಲ್ಲೂ ಮಾಡಬೇಕು.
* ನೋಂದಾಯಿತ ವಾಹನಕ್ಕೆ ಹಸಿರು ಫಲಕದ ಮೇಲೆ ಬಿಳಿ ಅಕ್ಷರದ ಸಂಖ್ಯೆ ಇರುತ್ತದೆ. ಪರವಾನಗಿ, ವಿಮೆ, ಹೆಲ್ಮೆಟ್ ಕಡ್ಡಾಯ.
* ಬಳಸಿದ ವಾಹನವಾದರೆ ಕಂಪನಿ ಕೇಂದ್ರದಿಂದ ಬ್ಯಾಟರಿ ಸ್ಥಿತಿಯ ವರದಿ ಪಡೆಯಬೇಕು. ವಾರಂಟಿ ಹೊಸ ಮಾಲೀಕನಿಗೆ ವರ್ಗವಾಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.
* ದುರಸ್ತಿಗೆ ಬಿಟ್ಟಾಗಲೆಲ್ಲ ದಿನಾಂಕವಿರುವ ಜಾಬ್ ಕಾರ್ಡ್ ಪಡೆದು ಕಾಪಾಡಬೇಕು.

ಈ ಕೊನೆಯ ಕಾಗದವೇ ತಕರಾರಿನ ಸಮಯದಲ್ಲಿ ಸಾಕ್ಷಿ. ಕಂಪನಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅಲ್ಲಿಯೂ ಬಗೆಹರಿಯದಿದ್ದಲ್ಲಿ ರಾಯಚೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಮೊರೆ ಹೋಗಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದ ದೂರುಗಳಿಗೆ ಅಲ್ಲಿ ಶುಲ್ಕವಿಲ್ಲ.