ಹುಮನಾಬಾದಿನ ಹಾಡಿನ ಮನೆತನ

ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರ ದತ್ತ ಜಯಂತಿಯಂದು ಹುಟ್ಟಿದ ಸಂತ ಮಾಣಿಕಪ್ರಭುಗಳು ಬೆಳೆದದ್ದು ಕಲ್ಯಾಣದಲ್ಲೇ. ಸೋದರಮಾವ ಕೊಡಿಸಿದ ಸುಂಕದ ಕಟ್ಟೆಯ ನೌಕರಿ ಅವರಿಗೆ ಒಗ್ಗಲಿಲ್ಲವೆಂದು ಚರಿತ್ರೆಕಾರರು ಹೇಳುತ್ತಾರೆ. ಊರೂರು ಅಲೆದು, 1845ರಲ್ಲಿ ಹುಮನಾಬಾದಿನ ಪಕ್ಕ, ವಿರಜಾ ಮತ್ತು ಗುರುಗಂಗಾ ಕೂಡುವಲ್ಲಿ ನೆಲೆನಿಂತರು. ಅದೇ ಮಾಣಿಕನಗರ.

ಆಗ ಅದು ನಿಜಾಮರ ಸೀಮೆ. ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತಿದ್ದವು. ಪ್ರಭುಗಳ ಪದಗಳಲ್ಲೂ ಅಷ್ಟೇ: ಮರಾಠಿಯವು ಹೆಚ್ಚು, ಜೊತೆಗೆ ಕನ್ನಡ, ಹಿಂದಿ, ಸಂಸ್ಕೃತದವು. ಎಲ್ಲವೂ ರಾಗ ಹಚ್ಚಿ, ತಾಳ ಹಿಡಿದು ಹಾಡುವಂಥವು. ಲಿಂಗಾಯತರು ಅವರಲ್ಲಿ ಬಸವಣ್ಣನನ್ನು ಕಂಡರು, ಮುಸ್ಲಿಮರು ಸೂಫಿ ಸಂತ ಮೆಹಬೂಬ್ ಸುಬ್ಹಾನಿಯನ್ನು. ಅವರ ‘ಸಕಲಮತ ಸಂಪ್ರದಾಯ’ ಬರೀ ಹೆಸರಿಗಷ್ಟೇ ಇದ್ದದ್ದಲ್ಲ.

1865ರಲ್ಲಿ ಪ್ರಭುಗಳು ಸಮಾಧಿಸ್ಥರಾದರು.

ಹಾಡುಗಾರರಿಗೆ ಎರಡನೇ ಆಲ್ಬಮ್ಮೇ ಕಷ್ಟ ಅನ್ನುತ್ತಾರಲ್ಲ, ಇಲ್ಲಿ ಹಾಡು ಮುಂದುವರಿಸುವ ಆ ಹೊಣೆ ಮನೆಯ ಮುಂದಿನವರ ಮೇಲೆ ಬಿತ್ತು. ಮಾಣಿಕಪ್ರಭುಗಳ ತಮ್ಮನ ಮಗ ಮಾರ್ತಾಂಡ ಪ್ರಭುಗಳು 1936ರವರೆಗೆ ಬದುಕಿ, ಅದ್ವೈತ ವೇದಾಂತವನ್ನೇ ಪದಗಳಿಗಿಳಿಸಿದರು. ಸೊಗಸಿಗೆ ಮಾಣಿಕಪ್ರಭುಗಳ ಪದವೇ ಮೇಲು. ವಿಚಾರದ ಬಿಗಿಗೆ ಮಾರ್ತಾಂಡರದು.

ದತ್ತ ಜಯಂತಿಯ ದರ್ಬಾರಿನಲ್ಲಿ ಹಿಂದೂಸ್ತಾನಿ ಗಾಯಕರು ಇಂದಿಗೂ ಹಾಡುತ್ತಾರೆ. ಡಿಸೆಂಬರಿನಲ್ಲಿ ಬೀದರ್ ಕಡೆ ಹೋಗುವವರು ಒಂದು ರಾತ್ರಿ ಮಾಣಿಕನಗರಕ್ಕೆ ಎತ್ತಿಡಿ.