ಹರಿಹರದ ಲೇತು, ಮನೆಯ ಸಿಎನ್‌ಸಿ: ಅಂಕಿ ಯಾರ ಕೈಲಿದೆ?

ಇವತ್ತಿನ ಪ್ರಶ್ನೆ: ಕೊಟ್ಟೂರಿನಂಥ ಊರಲ್ಲಿ, ಮನೆ ಹಿಂದಿನ ಶೆಡ್ಡಲ್ಲಿ, ನಾವೇ ಒಂದು ಸಿಎನ್‌ಸಿ ಮಶಿನ್ ಕಟ್ಟಬಹುದಾ? ಕಟ್ಟಬಹುದು. ಆದ್ರೆ ಅದರ ಹಿಂದಿರೋ ಕಥೆ ಮಶಿನ್‌ಗಿಂತ ಚೆನ್ನಾಗಿದೆ.

ಕಥೆ ಅಮೆರಿಕದಲ್ಲಿ ಶುರುವಾಗುತ್ತೆ. 1940ರ ದಶಕದಲ್ಲಿ ಮಿಶಿಗನ್‌ನ ಜಾನ್ ಪಾರ್ಸನ್ಸ್ ಹೆಲಿಕಾಪ್ಟರ್ ರೆಕ್ಕೆ ಮಾಡ್ತಿದ್ದ. ಕಾಲೇಜು ಡಿಗ್ರಿ ಇಲ್ಲದ ಮನುಷ್ಯ. ರೆಕ್ಕೆಯ ವಕ್ರರೇಖೆಗೆ ಬೇಕಾದ ಬಿಂದುಗಳನ್ನ ಐಬಿಎಂ ಪಂಚ್‌ಕಾರ್ಡ್ ಯಂತ್ರದಲ್ಲಿ ಲೆಕ್ಕ ಹಾಕಿಸಿದ. ಆಮೇಲೆ ಏನ್ ಮಾಡ್ತಿದ್ರು ಗೊತ್ತಾ? ಒಬ್ಬ ಅಂಕಿಗಳನ್ನ ಜೋರಾಗಿ ಓದ್ತಿದ್ದ, ಇನ್ನಿಬ್ಬರು ಕೆಲಸಗಾರರು ಒಬ್ಬೊಬ್ಬರು ಒಂದೊಂದು ಹ್ಯಾಂಡಲ್ ತಿರುಗಿಸ್ತಿದ್ರು. ಎಕ್ಸ್ ಇಷ್ಟು, ವೈ ಇಷ್ಟು. ಸಿಎನ್‌ಸಿಯ ಮೂಲರೂಪ ಇದೇ, ಮೂರು ಜನ ಮತ್ತು ಒಂದು ಪಟ್ಟಿ.

ಆ ಮೂವರ ಕೆಲಸವನ್ನ ಮೋಟರಿಗೆ ಒಪ್ಪಿಸೋಕೆ ಅಮೆರಿಕದ ವಾಯುಪಡೆ 1949ರಲ್ಲಿ ದುಡ್ಡು ಕೊಡ್ತು. 1952ರಲ್ಲಿ ಎಂಐಟಿ ಒಂದು ಮಿಲ್ಲಿಂಗ್ ಮಶಿನ್‌ನ ಪಂಚ್ ಮಾಡಿದ ಕಾಗದದ ಟೇಪಿನಿಂದ ಓಡಿಸಿ ತೋರಿಸಿತು. ಅದರ ಕಂಟ್ರೋಲ್ ಪೆಟ್ಟಿಗೆಗಳ ತುಂಬಾ ವ್ಯಾಕ್ಯೂಮ್ ಟ್ಯೂಬು.

ಇದೇ ಹೊತ್ತಲ್ಲಿ ಇನ್ನೊಂದು ದಾರಿನೂ ಇತ್ತು, ಇದು ಯಾಕೋ ಯಾರೂ ಹೇಳಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರುಗಳು ಪಳಗಿದ ಕೆಲಸಗಾರನ ಕೈಚಲನೆಯನ್ನೇ ಟೇಪಿಗೆ ರೆಕಾರ್ಡ್ ಮಾಡಿ, ಮಶಿನ್ ಅದನ್ನ ಮತ್ತೆ ಮತ್ತೆ ಮಾಡೋ ಹಾಗೆ ಮಾಡಿದ್ರು. ಹಾಡು ರೆಕಾರ್ಡ್ ಮಾಡಿ ಪ್ಲೇ ಮಾಡಿದ ಹಾಗೆ. ಅದು ಮೂಲೆಗೆ ಬಿತ್ತು, ಅಂಕಿಯ ಟೇಪು ಗೆದ್ದಿತು. ಇತಿಹಾಸಕಾರ ಡೇವಿಡ್ ನೋಬಲ್ 1984ರ ಪುಸ್ತಕದಲ್ಲಿ ವಾದಿಸೋದು ಏನಂದ್ರೆ, ಇದು ಬರೀ ತಾಂತ್ರಿಕ ಆಯ್ಕೆ ಅಲ್ಲ. ಕೆಲಸದ ಹಿಡಿತ ಶಾಪ್‌ಫ್ಲೋರಿಂದ ಆಫೀಸಿಗೆ ಹೋಗ್ಲಿ ಅಂತ ಮ್ಯಾನೇಜ್‌ಮೆಂಟಿಗೆ ಬೇಕಿತ್ತು. ಪೂರ್ತಿ ಒಪ್ಪದೇ ಇರಬಹುದು, ನಾನೂ ಪೂರ್ತಿ ಒಪ್ಪಲ್ಲ. ವಿಮಾನದ ಸಂಕೀರ್ಣ ಭಾಗಗಳಿಗೆ ಅಂಕಿ ಬೇಕೇ ಬೇಕಿತ್ತು. ಆದ್ರೂ ಪ್ರಶ್ನೆ ಸರಿಯಾದದ್ದು.

ಈಗ ನಮ್ಮ ಕಡೆ ಬರೋಣ. ಕೊಟ್ಟೂರಿನಲ್ಲಿ ರೈಲು ಹತ್ತಿ ಹರಪನಹಳ್ಳಿ ದಾಟಿದ್ರೆ ಹರಿಹರ. 1941ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಅಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. ಆಗ ಹರಿಹರ ಮೈಸೂರು ಸಂಸ್ಥಾನ, ಕೊಟ್ಟೂರು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಒಂದೇ ಭಾಷೆ, ಎರಡು ಸರ್ಕಾರ. ಕಂಪನಿ ಮಾಡಿದ್ದು ಲೇತ್. ಬೆಂಗಳೂರಿನ ಎಚ್‌ಎಂಟಿ ಬಂದದ್ದು 1953ರಲ್ಲಿ, ಅಂದ್ರೆ ಹನ್ನೆರಡು ವರ್ಷ ಆದಮೇಲೆ. ನಾನು ಬಿಕಾಂ ಓದಿದವನು, ನನಗೆ ಲೇತ್ ಅಂದ್ರೆ ಬ್ಯಾಲೆನ್ಸ್ ಶೀಟಲ್ಲಿ ವರ್ಷವರ್ಷ ಡಿಪ್ರಿಸಿಯೇಷನ್ ಆಗೋ ಒಂದು ಸಾಲು. ಆದ್ರೆ ಲೇತು ಬೇರೆ ಮಶಿನ್‌ಗಳನ್ನ ಹೆರೋ ಮಶಿನ್. ಸ್ಕ್ರೂ ಕೊರೆಯೋ ಲೇತಿಗೆ ತನ್ನದೇ ಒಂದು ಒಳ್ಳೆ ಸ್ಕ್ರೂ ಬೇಕು. ಆ ಸ್ಕ್ರೂವನ್ನ ಇನ್ನೊಂದು ಲೇತು ಕೊರೆದಿರುತ್ತೆ. ನಿಖರತೆ ಹೀಗೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. 2000ದ ದಶಕದ ಆರಂಭದಲ್ಲಿ ಹರಿಹರದ ಕಾರ್ಖಾನೆ ಮುಚ್ಚಿತು. ಆದ್ರೆ ಅಲ್ಲಿ ಹುಟ್ಟಿದ ಲೇತು ಬ್ಯಾಲೆನ್ಸ್ ಶೀಟಲ್ಲಿ ಸೊನ್ನೆ ಆದ್ಮೇಲೂ ತಿರುಗುತ್ತೆ.

ಮನೆ ಸಿಎನ್‌ಸಿಗೆ ಇದು ಯಾಕೆ ಮುಖ್ಯ? ಮಿದುಳು ಈಗ ಅಗ್ಗ. ಆರ್ಡುಯಿನೋ ಊನೋ ಬೋರ್ಡಿನ ಮೆಮೊರಿ 32 ಕಿಲೋಬೈಟ್, ವಾಟ್ಸಾಪಲ್ಲಿ ಹೋಗೋ ಒಂದು ಫೋಟೋಗಿಂತ ಚಿಕ್ಕದು. ಅದರಲ್ಲಿ ಓಡೋ ಜಿಆರ್‌ಬಿಎಲ್ ಅನ್ನೋ ಉಚಿತ ಪ್ರೋಗ್ರಾಮನ್ನ 2009ರಲ್ಲಿ ಶುರು ಮಾಡಿದ್ದು ನಾರ್ವೆಯ ಒಬ್ಬ ಪ್ರೋಗ್ರಾಮರ್. ಸಾಮಾನ್ಯ ಸ್ಟೆಪ್ಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತೆ. ಡ್ರೈವರ್ ಪ್ರತಿ ಹೆಜ್ಜೆಯನ್ನ 16 ಭಾಗ ಮಾಡಿದ್ರೆ 3200. ಸ್ಕ್ರೂ ಒಂದು ಸುತ್ತಿಗೆ 8 ಮಿಲಿಮೀಟರ್ ಸರಿಸಿದ್ರೆ, ಮಿಲಿಮೀಟರಿಗೆ 400 ಹೆಜ್ಜೆ. ಕಾಗದದ ಮೇಲೆ ಅದ್ಭುತ! ಆದ್ರೆ ಸ್ಕ್ರೂಗೂ ನಟ್ಟಿಗೂ ಮಧ್ಯೆ ಸಡಿಲ ಇದ್ರೆ, ಫ್ರೇಮ್ ಅಲುಗಾಡಿದ್ರೆ, ಆ 400 ಹೆಜ್ಜೆ ಎಲ್ಲಾ ಗಾಳಿಗೆ. ದುಂಡಗಿನ ವೃತ್ತ ಕೊರಿ ಅಂದ್ರೆ ಕೋಳಿಮೊಟ್ಟೆ ಬರುತ್ತೆ. ಆಗ ಕಪ್ಲಿಂಗ್ ಮಾಡಿಸೋಕೆ, ಬೇರಿಂಗ್ ಕೂರಿಸೋ ತೂತು ಸರಿ ಮಾಡಿಸೋಕೆ ಹೋಗಬೇಕಾದ್ದು ಹಳೇ ಲೇತ್ ಅಂಗಡಿಗೇ.

ಇನ್ನು, ಇಂಥ ಮಶಿನ್ ಊರಲ್ಲಿ ಏನ್ ಮಾಡುತ್ತೆ? ಹೆಚ್ಚಾಗಿ ಬಾಗಿಲ ಕೆತ್ತನೆ, ನಾಮಫಲಕ, ದೇವರ ಮಂಟಪ. ಕೊಟ್ಟೂರು ಕೊಟ್ಟೂರೇಶ್ವರನ ಊರು, ತೇರಿನ ಊರು. 2017ರ ಜಾತ್ರೆಯಲ್ಲಿ ಆ ದೊಡ್ಡ ತೇರು ಉರುಳಿ ಬಿದ್ದದ್ದು ಎಲ್ಲರ ಫೋನಲ್ಲೂ ಹರಿದಾಡಿತ್ತು. ತೇರು ಅಂದ್ರೆ ಬರೀ ಮರ ಅಲ್ಲ, ಉಳಿ ಹಿಡಿದವರ ಲೆಕ್ಕಾಚಾರ ಅಂತ ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಈಗ ಬಾಗಿಲಿಗೆ ಲಕ್ಷ್ಮಿ ಬೇಕು ಅಂದ್ರೆ ಇಂಟರ್ನೆಟ್ಟಲ್ಲಿ ರೆಡಿ ಫೈಲ್ ಸಿಗುತ್ತೆ. ಅದೇ ಲಕ್ಷ್ಮಿ ಸೂರತ್‌ನಲ್ಲೂ, ಹಡಗಲಿಯಲ್ಲೂ. ಯಾರ ಕೈ ಅದು? ಗೊತ್ತಿಲ್ಲ.

ಮೂಲೆಗೆ ಬಿದ್ದ ಆ ರೆಕಾರ್ಡಿಂಗ್ ಐಡಿಯಾ ನನಗೆ ನೆನಪಾಗೋದು ಇಲ್ಲೇ. ಮಶಿನ್ ನಮ್ಮದೇ ಆದ್ರೆ, ಅದಕ್ಕೆ ಏನು ತಿನ್ನಿಸಬೇಕು ಅನ್ನೋದನ್ನೂ ನಾವೇ ನಿರ್ಧರಿಸಬಹುದು. ನಮ್ಮ ಬಡಿಗೇರರು ಕೆತ್ತಿದ ಒಂದು ಹಲಗೆಯನ್ನ, ಅವರನ್ನ ಕೇಳಿ, ಅವರಿಗೆ ದುಡ್ಡು ಕೊಟ್ಟು, ಫೋನಲ್ಲೇ ನಾಲ್ಕು ಕಡೆಯಿಂದ ಫೋಟೋ ತೆಗೆದು ಮೂರು ಆಯಾಮದ ಫೈಲ್ ಮಾಡೋಕಾಗುತ್ತೆ. ನಿಮ್ಮೂರಲ್ಲಿ ಯಾರಾದ್ರೂ ಹಾಗೆ ಮಾಡ್ತಿದ್ರೆ ನಂಗೆ ಬರೀರಿ, ಮುಂದಿನ ಎಪಿಸೋಡಿಗೆ ಮೈಕ್ ತಗೊಂಡು ನಾನೇ ಬರ್ತೀನಿ.